ಐತಿಹಾಸಿಕವೋ, ಇತ್ತೀಚಿನದೋ: ಯಾವ ಕಾದಂಬರಿಯಿಂದ ಶುರು ಮಾಡಲಿ?

ಪ್ರಶ್ನೆ: ಕೆಲಸ, ಸಂಸಾರ ಅಂತ ಕಾದಂಬರಿ ಓದೋದೇ ನಿಂತುಹೋಗಿತ್ತು. ಮತ್ತೆ ಶುರು ಮಾಡಬೇಕು. ಐತಿಹಾಸಿಕ ಅಂದ್ರೆ ಇಷ್ಟ, ಆದ್ರೆ ದಪ್ಪ ಪುಸ್ತಕ ಕಂಡ್ರೆ ಭಯ. ಇತ್ತೀಚಿನದನ್ನೂ ಓದಬೇಕು. ಓದಿದವರು ಮುಲಾಜಿಲ್ಲದೆ ಹೇಳಿ. "ಎಲ್ಲಾ ಚೆನ್ನಾಗಿದೆ" ಅನ್ನೋ ಉತ್ತರ ಬೇಡ.

ಹಳೇ ಓದುಗ: ಮುಲಾಜಿಲ್ಲದೆ ಅಂದ್ರಲ್ಲ, ಹೇಳಿಬಿಡ್ತೀನಿ. ಐತಿಹಾಸಿಕ ಕಾದಂಬರಿಯಲ್ಲಿ ನಾನು ನೋಡೋದು ಒಂದೇ. ಕೊನೆಗೆ ಏನಾಗುತ್ತೆ ಅಂತ ಗೊತ್ತಿದ್ದೂ ಪುಟ ತಿರುಗಿಸಬೇಕು ಅನ್ನಿಸುತ್ತಾ?

ತ.ರಾ.ಸು. ಅವರ ‘ದುರ್ಗಾಸ್ತಮಾನ’ದಲ್ಲಿ ಹೆಸರೇ ಗುಟ್ಟು ಬಿಟ್ಟುಕೊಟ್ಟಿದೆ. 1779ರಲ್ಲಿ ಚಿತ್ರದುರ್ಗ ಹೈದರಾಲಿ ಕೈಸೇರಿತು ಅನ್ನೋದು ಎಲ್ಲರಿಗೂ ಗೊತ್ತು. ಆದ್ರೂ ಮದಕರಿ ನಾಯಕ ಹೇಗಾದ್ರೂ ಪಾರಾಗ್ತಾನೇನೋ ಅಂತ ಓದ್ತಾ ಓದ್ತಾ ಆಸೆ ಹುಟ್ಟುತ್ತೆ. ತಕರಾರೂ ಇದೆ: ಆವೇಶ ಜಾಸ್ತಿ, ಮಾತು ಉದ್ದ. ನೀವು ಮೊದಲೇ ಇದಕ್ಕೆ ಕೈಹಾಕಬೇಡಿ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ತದ್ವಿರುದ್ಧ. 1834ರಲ್ಲಿ ಇಂಗ್ಲಿಷರ ಪಾಲಾದ ಕೊಡಗು, ಅದರ ಕೊನೆಯ ಅರಸ. ಯುದ್ಧದ ಅಬ್ಬರ ಹುಡುಕಿದ್ರೆ ನಿರಾಶೆ ಆಗುತ್ತೆ. ಕಾದಂಬರಿಯ ರಾಜ ಕುಡುಕ, ಕ್ರೂರಿ, ಇಷ್ಟಪಡೋಕೆ ಆಗೋ ಮನುಷ್ಯನೇ ಅಲ್ಲ. ನನ್ನನ್ನ ಹಿಡಿದು ಕೂರಿಸಿದ್ದು ಮಂತ್ರಿ ಬೋಪಣ್ಣನ ಇಕ್ಕಟ್ಟು. ದೊರೆಗೆ ನಿಷ್ಠೆಯಿಂದ ಇದ್ರೆ ನಾಡು ಹಾಳು, ನಾಡು ಉಳಿಸ್ತೀನಿ ಅಂತ ಹೊರಟ್ರೆ ಪರಂಗಿಯವರಿಗೆ ಬಾಗಿಲು ತೆಗೆದ ಹಾಗೆ. ಇಷ್ಟೆಲ್ಲ ನಡೀವಾಗಲೂ ಮಾಸ್ತಿಯವರು ದನಿ ಏರಿಸಲ್ಲ. ರಾಣಿ ಗೌರಮ್ಮಾಜಿ ಮಾತ್ರ ಸ್ವಲ್ಪ ಅತಿ ಒಳ್ಳೆಯವಳಾದಳು ಅನ್ನಿಸಿತು.

ವಸುಧೇಂದ್ರ ಅವರ ‘ತೇಜೋ-ತುಂಗಭದ್ರಾ’ (2019) ಸರಾಗವಾಗಿ ಓದಿಸಿಕೊಂಡು ಹೋಗುತ್ತೆ. ಅತ್ತ ಲಿಸ್ಬನ್, ಇತ್ತ ವಿಜಯನಗರ, ನಡುವೆ ಗೋವಾ. ವಿಜಯನಗರ ಅಂದ ಕೂಡಲೇ ಮುತ್ತುರತ್ನ ಸೇರಿನಲ್ಲಿ ಅಳೆಯೋ ವರ್ಣನೆ ಬರುತ್ತೆ ಅಂದ್ಕೋತೀವಲ್ಲ, ಇಲ್ಲಿ ಆ ವೈಭವದ ಭಾರ ಸಾಮಾನ್ಯರ ಮೈಮೇಲೆ ಹೇಗೆ ಬಿತ್ತು ಅನ್ನೋದು ಕಾಣುತ್ತೆ. ನನಗೆ ಹಿಡಿಸದ್ದು ಕಾಕತಾಳೀಯಗಳು. ಕಲೆಹಾಕಿದ ಮಾಹಿತಿಯೂ ಅಲ್ಲಲ್ಲಿ ಹೊರಗೆ ಇಣುಕುತ್ತೆ. ಹಡಗಿನ ಪ್ರಯಾಣದ ಭಾಗಕ್ಕಾಗಿ ಇದನ್ನೆಲ್ಲ ಮಾಫಿ ಮಾಡಬಹುದು.

ಭೈರಪ್ಪನವರ ಸುದ್ದಿ ಎತ್ತಿದ್ರೆ ಜಗಳ ಗ್ಯಾರಂಟಿ, ಆದ್ರೂ ಎತ್ತೀನಿ. ‘ಆವರಣ’ದಲ್ಲಿ ಪಾತ್ರಗಳು ವಾದ ಹೊತ್ತು ತಿರುಗ್ತವೆ. ‘ಸಾರ್ಥ’ದಲ್ಲೂ ವಾದ ಬೇಕಾದಷ್ಟಿದೆ, ಆದ್ರೆ ಅಲ್ಲಿ ನಾಗಭಟ್ಟ ಅನ್ನೋ ಮನುಷ್ಯ ಮೊದಲು, ವಾದ ಆಮೇಲೆ. ನನ್ನ ಓಟು ‘ಸಾರ್ಥ’ಕ್ಕೆ.

ಎದುರುವಾದಿ: ನಾನು ಒಪ್ಪಲ್ಲ. ‘ಆವರಣ’ದ ನಾಯಕಿ ತಾನೇ ಇತಿಹಾಸ ಕೆದಕಿ ಕಾದಂಬರಿ ಬರೀತಾಳೆ. ಆಕರ ಗ್ರಂಥಗಳ ಪಟ್ಟಿಯೂ ಕಥೆಯೊಳಗೇ ಬರುತ್ತೆ. ವಾದ ಮಾಡೋಕೇ ಕಟ್ಟಿದ ಪುಸ್ತಕದಲ್ಲಿ ವಾದ ಇದೆ ಅಂದ್ರೆ ಹೇಗೆ ಸ್ವಾಮಿ?

ಹಳೇ ಓದುಗ: ಕಟ್ಟಿದ ರೀತಿ ಜಾಣತನದ್ದೇ. ಎದುರು ಪಕ್ಷದವರನ್ನೂ ಅಷ್ಟೇ ಗಟ್ಟಿಯಾಗಿ ನಿಲ್ಲಿಸಿದ್ರೆ ನನ್ನ ತಕರಾರು ಇರ್ತಿರಲಿಲ್ಲ.

ಪುಟ ಮಡಿಸುವವಳು: ದಪ್ಪ ಪುಸ್ತಕಕ್ಕೆ ಹೆದರೋರು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತಗೊಳ್ಳಿ. ಕೂತಲ್ಲೇ ಮುಗಿಯುತ್ತೆ. ಚಿಕ್ಕಪ್ಪನ ವ್ಯಾಪಾರ ಕುದುರಿ, ಕೈ ಬಿಗಿ ಹಿಡಿದು ಬದುಕ್ತಿದ್ದ ಮನೆಗೆ ದುಡ್ಡು ಬರುತ್ತೆ. ಹಳೇ ಮನೆಯಲ್ಲಿ ಇರುವೆ ಕಾಟ ಇರುತ್ತೆ, ಮನೆಮಂದಿ ಅವನ್ನ ಕೊಲ್ಲೋದರಲ್ಲಿ ನಿಸ್ಸೀಮರಾಗ್ತಾರೆ. ಓದುವಾಗ ತಮಾಷೆ ಅನ್ಸುತ್ತೆ. ಕೊನೆ ಮುಟ್ಟಿದ ಮೇಲೆ ಆ ಪುಟಕ್ಕೆ ವಾಪಸ್ ಹೋಗಿ, ಅದೇ ಜನ, ಅದೇ ಒಗ್ಗಟ್ಟು, ನಗು ಬರಲ್ಲ. ನಿಜವಾಗಿ ಏನು ನಡೀತು ಅಂತ ಲೇಖಕರು ಬಾಯಿ ಬಿಡಲ್ಲ. "ಕೊನೆಯೇ ಇಲ್ವಲ್ಲ" ಅಂತ ಬೈಯೋರೂ ಇದ್ದಾರೆ. ನನಗೆ ಇಷ್ಟ ಆಗಿದ್ದೇ ಅದು.

ರಾತ್ರಿ ಓದು: ಇಂಗ್ಲಿಷ್ ಆಗಬಹುದಾದ್ರೆ ಹಿಲರಿ ಮ್ಯಾಂಟೆಲ್ ಅವರ ‘ವುಲ್ಫ್ ಹಾಲ್’. ಎಂಟನೇ ಹೆನ್ರಿಯ ಆಸ್ಥಾನದ ಥಾಮಸ್ ಕ್ರಾಮ್‌ವೆಲ್ ಕಥೆ, 2009ರ ಬುಕರ್. ಮೊದಲ ಅಧ್ಯಾಯಗಳಲ್ಲಿ ತಲೆ ಕೆಡೋದು ಖಂಡಿತ. ಸುಮ್ಮನೆ ‘ಅವನು’ ಅಂತ ಬಂದ್ರೆ ಬಹುತೇಕ ಕ್ರಾಮ್‌ವೆಲ್ ಅಂತಲೇ ತಿಳ್ಕೊಳ್ಳಿ, ಅರ್ಧ ಕಷ್ಟ ಕಳೀತು. ಇನ್ನರ್ಧ ಕಷ್ಟ ವೂಲ್ಸಿ, ಮೋರ್, ಕ್ರಾನ್ಮರ್ ಎಲ್ಲರೂ ಥಾಮಸ್‌ಗಳೇ ಆಗಿರೋದು! ಶುರುವಿನಲ್ಲಿರೋ ಪಾತ್ರಗಳ ಪಟ್ಟಿಯಲ್ಲಿ ಬೆರಳಿಟ್ಟುಕೊಂಡೇ ಓದಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಕುವೆಂಪು ಅವರ ಹೆಸರು ಯಾರೂ ಎತ್ತಲಿಲ್ಲ?

ಹಳೇ ಓದುಗ: ದಪ್ಪ ಬೇಡ ಅಂದ್ರಿ, ಅದಕ್ಕೇ ಸುಮ್ಮನಿದ್ದೆ. ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನ ಐತಿಹಾಸಿಕ ಅಂತ ಸಾಮಾನ್ಯವಾಗಿ ಯಾರೂ ಕರೆಯಲ್ಲ. ನನ್ನ ಲೆಕ್ಕದಲ್ಲಿ ಅದು ಐತಿಹಾಸಿಕವೇ. ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡು ಅದರಲ್ಲಿ ಸಿಗುವಷ್ಟು ಇನ್ನೆಲ್ಲೂ ಸಿಗಲ್ಲ, ಅದೂ ರಾಜ, ಕೋಟೆ ಇಲ್ಲದೆ. ಮೊದಲು ‘ಘಾಚರ್ ಘೋಚರ್’, ಆಮೇಲೆ ‘ಚಿಕವೀರ’ ಮುಗಿಸಿ ಇದಕ್ಕೆ ಬನ್ನಿ. ಶುರುವಿನಲ್ಲಿ ಹೆಸರುಗಳ ಜಾತ್ರೆ. ಯಾರ ಮನೆ ಯಾವುದು, ಯಾರ ಮಗ ಯಾರು ಅಂತ ಬರೆದಿಟ್ಟುಕೊಳ್ಳೋಕೆ ಹೋಗಬೇಡಿ. ಗುತ್ತಿ ತನ್ನ ನಾಯಿ ಹುಲಿಯನ ಜತೆ ಕಾಡಿನ ದಾರಿ ಹಿಡೀತಾನೆ, ನೀವೂ ಅವನ ಹಿಂದೆ ನಡೀರಿ. ಊರು, ಮನೆತನ ಎಲ್ಲ ದಾರಿಯಲ್ಲೇ ಪರಿಚಯ ಆಗುತ್ತೆ.