ಸಹಾಯ ಬೇಕು: ಕುದುರೆಯ ಕಪ್ಪು ಬಣ್ಣ ಒಣಗಿದ ಮೇಲೆ ಮಂಕಾಗಿದೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಆಯಿಲ್ ಪೇಂಟಿಂಗ್ ಕಲಿಯಲು ಹಳೆಯ ಚಿತ್ರವೊಂದನ್ನು ನೋಡಿ ಬರೆಯುತ್ತಿದ್ದೇನೆ. ಇಟಲಿಯ ಚಿತ್ರಕಾರ ಟಿಷಿಯನ್ 1548ರಲ್ಲಿ ಬರೆದದ್ದು. ಚಕ್ರವರ್ತಿ ಐದನೇ ಚಾರ್ಲ್ಸ್ ಈಟಿ ಹಿಡಿದು ಕುದುರೆ ಏರಿರುವ ಚಿತ್ರ. ಮೂಲ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ, ಮೂರು ಮೀಟರಿಗೂ ಜಾಸ್ತಿ ಎತ್ತರ. ನನ್ನದು 26 ಇಂಚು.

ಕುದುರೆ ಕಾಲು ಸರಿ ಬರದೆ ಒಂದು ವಾರ ಒದ್ದಾಡಿದೆ. ನಮ್ಮ ಬೀದಿಯ ಮದುವೆಗೆ ಮೆರವಣಿಗೆ ಕುದುರೆ ಬಂದಿತ್ತು, ಅದರ ಮುಂಗಾಲನ್ನು ಹತ್ತಿರ ನಿಂತು ನೋಡಿದೆ. ಮಂಡಿಯ ಕೆಳಗೆ ಮಾಂಸವೇ ಇಲ್ಲ, ಬರೀ ಎಲುಬು, ನರ. ನಾನು ಅಲ್ಲೇ ದಪ್ಪ ಬರೆದಿದ್ದೆ. ತಿದ್ದಿದೆ, ಈಗ ಕಾಲು ನೆಲಕ್ಕೆ ಕೂತಿದೆ.

ಉಳಿದಿರುವ ತೊಂದರೆ ಬಣ್ಣದ್ದು. ಮೊದಲ ಪದರ ಬರ್ಂಟ್ ಅಂಬರ್ ಅನ್ನುವ ಕಂದು ಬಣ್ಣ, ಟರ್ಪೆಂಟೈನ್ ಹಾಕಿ ತೆಳ್ಳಗೆ. ಅದರ ಮೇಲೆ ಐವರಿ ಬ್ಲ್ಯಾಕ್. ಹಸಿ ಇದ್ದಾಗ ಕುದುರೆ ಮೈ ಮಿರಿಮಿರಿ ಮಿಂಚುತ್ತಿತ್ತು. ಒಣಗಿದ ಮೇಲೆ ಹೊಟ್ಟೆಯ ಹತ್ತಿರ ಸ್ಲೇಟಿನ ಥರ ಬೂದು ಮಚ್ಚೆಗಳು. ಕೆಳಗಿನ ಪದರ ಎಣ್ಣೆ ಹೀರಿಕೊಂಡಿದೆ ಅನಿಸುತ್ತದೆ. ಅಗಸೆ ಎಣ್ಣೆ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿದರೆ ಕಪ್ಪು ವಾಪಸ್ ಬರುತ್ತದೆ ಅಲ್ವಾ? ಎಷ್ಟು ದಿನ ಒಣಗಲು ಬಿಡಬೇಕು? ಕುದುರೆಯ ಮೈಮೇಲಿನ ಕೆಂಪು ಬಟ್ಟೆಯನ್ನು ಇನ್ನೂ ಮುಟ್ಟಿಲ್ಲ. ಅಲ್ಲೂ ಹೀಗೇ ಆಗಬಾರದು.

ಇಲ್ಲಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿದವರು ಗುಂಪಿನಲ್ಲಿದ್ದರೆ ದಯವಿಟ್ಟು ತಿಳಿಸಿ. ಯಾವುದಾದರೂ ಭಾನುವಾರ ಕ್ಯಾನ್ವಾಸ್ ತಂದು ತೋರಿಸುತ್ತೇನೆ. ಸುಮ್ನೆ ಹತ್ತು ನಿಮಿಷ ನೋಡಿ ಹೇಳಿದರೂ ಸಾಕು.