ಸಹಾಯ ಬೇಕು: 650 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿನ ಪವರ್ ಸಪ್ಲೈ) ಎರಡನೇ ಗ್ರಾಫಿಕ್ಸ್ ಕಾರ್ಡ್ ನಡೆದೀತಾ?

ಸುರತ್ಕಲ್‌ನಲ್ಲಿರುವ ಸಿಸ್ಟಮ್: ರೈಜನ್ 7 5700ಎಕ್ಸ್ ಸಿಪಿಯು, ಬಿ550 ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060, 650 ವ್ಯಾಟ್ ಎಸ್‌ಎಂಪಿಎಸ್. ಇದಕ್ಕೊಂದು ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3090 ಕಾರ್ಡ್ ಸೇರಿಸಲಿಕ್ಕುಂಟು. ಗೇಮಿಗಲ್ಲ, ಎಐ ಮಾಡೆಲ್ ಓಡಿಸಲಿಕ್ಕೆ. ಹಾಗಾಗಿ ಎರಡನೇ ಕಾರ್ಡಿನ ಸ್ಲಾಟ್ ಎಕ್ಸ್4 (ಡೇಟಾ ಹೋಗಲಿಕ್ಕೆ ನಾಲ್ಕೇ ದಾರಿ) ಆದರೂ ಅಡ್ಡಿಯಿಲ್ಲ.

ಲೆಕ್ಕ ಹೀಗೆ: 3090ಕ್ಕೆ 350 ವ್ಯಾಟ್, 3060ಕ್ಕೆ 170, ಸಿಪಿಯುಗೆ 76, ಬೋರ್ಡ್, ರ‍್ಯಾಮ್, ಫ್ಯಾನುಗಳಿಗೆ ಅಂದಾಜು 60. ಒಟ್ಟು 656. ಅಲ್ಲಿಗೇ ಮೀರಿತು. ಸಾಲದ್ದಕ್ಕೆ 3090 ಕೆಲವು ಮಿಲಿಸೆಕೆಂಡು 350ಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ. ಆಗ ಎಸ್‌ಎಂಪಿಎಸ್ ಟ್ರಿಪ್ ಆಗಿ ಸಿಸ್ಟಮ್ ಪಕ್ಕನೆ ಆಫ್, ಬ್ಲೂ ಸ್ಕ್ರೀನೂ ಇಲ್ಲ.

ಪವರ್ ಲಿಮಿಟ್ ಇಳಿಸಿ 3090ನ್ನು 250ಕ್ಕೆ, 3060ನ್ನು 130ಕ್ಕೆ ಕಟ್ಟಿದರೆ ಒಟ್ಟು 516. ರೀಸ್ಟಾರ್ಟ್ ಆದಾಗ ಲಿಮಿಟ್ ಹೋಗುತ್ತದೆ, ಅದಕ್ಕೆ ಸ್ಕ್ರಿಪ್ಟ್ ಹಾಕಬಹುದು. ಹೀಗೆ ದಿನಗಟ್ಟಲೆ ಲೋಡಿನಲ್ಲಿ ಓಡಿಸಿದವರು ಯಾರಾದರೂ ಉಂಟಾ? ಅಥವಾ 1000 ವ್ಯಾಟಿಗೇ ಹೋಗುವುದಾ?

ಕೇಬಲ್ ಇನ್ನೊಂದು ತಲೆನೋವು. 8 ಪಿನ್ ಕನೆಕ್ಟರ್ ಒಂದಕ್ಕೆ 150 ವ್ಯಾಟ್. 3090ಕ್ಕೆ ಎರಡು ಬೇಕು, ಅದೂ ಬೇರೆ ಬೇರೆ ಕೇಬಲಿನಿಂದ. 3060ಕ್ಕೆ ಮೂರನೆಯದ್ದು. ಇರುವುದು ಎರಡೇ ಕೇಬಲ್, ಒಂದರ ತುದಿಯಲ್ಲಿ ಜೋಡಿ ತಲೆ. ಬೇರೆ ಕಂಪನಿಯ ಮಾಡ್ಯುಲರ್ (ಕಳಚಿ ಹಾಕುವ) ಕೇಬಲ್ ಸಿಕ್ಕಿಸುವ ಹಾಗಿಲ್ಲ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಬೇರೆ ಇದ್ದರೆ ಕಾರ್ಡ್ ಸುಟ್ಟೀತು. ಮೊಲೆಕ್ಸ್ ಕನ್ವರ್ಟರ್ (ಹಳೆ 4 ಪಿನ್ ತಲೆಯಿಂದ ಪವರ್ ತೆಗೆಯುವುದು) ಹಾಕಿ ಅಂತ ಮಾತ್ರ ಹೇಳಬೇಡಿ ಮಾರಾಯ್ರೆ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ. ಯುಪಿಎಸ್ 1000 ವಿಎ, ಅಂದರೆ 600 ವ್ಯಾಟ್. ಎಸ್‌ಎಂಪಿಎಸ್‌ನಲ್ಲೇ ಸ್ವಲ್ಪ ಶಾಖವಾಗಿ ಹೋಗುವ ಕಾರಣ ಲಿಮಿಟ್ ಹಾಕಿದರೂ ಗೋಡೆಯಿಂದ ಸುಮಾರು 575 ಎಳೆದೀತು. ಪ್ಯೂರ್ ಸೈನ್ ವೇವಿನ (ಮನೆಯ ಕರೆಂಟಿನ ಹಾಗೆ ನಯವಾದ ಅಲೆ ಕೊಡುವ) ಯುಪಿಎಸ್, ಇದಕ್ಕಿಂತ ದೊಡ್ಡದು, ಮಂಗಳೂರು ಅಥವಾ ಉಡುಪಿಯಲ್ಲಿ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ?