ರಾತ್ರಿಯಿಡೀ ಸೊಳ್ಳೆ ಮಷೀನ್ ಹಚ್ಚಿಟ್ಟರೆ ಮಗುವಿಗೆ ತೊಂದರೆನಾ?

ನವನಗರದ ತಾಯಿ, ಹುಬ್ಬಳ್ಳಿ:
ಮಗಳಿಗೆ ಎಂಟು ತಿಂಗಳು. ಸಂಜೆಯಾದರೆ ಸಾಕು, ಗಟಾರದ ಕಡೆಯಿಂದ ಸೊಳ್ಳೆ ಮುತ್ತಿಕೊಳ್ಳುತ್ತವೆ. ಕಿಟಕಿ ಹಾಕಿ ಲಿಕ್ವಿಡ್ ಮಷೀನ್ ಹಚ್ಚಿ ಮಲಗುತ್ತೇವೆ, ಬೆಳಿಗ್ಗೆ ನನಗೇ ಗಂಟಲು ಕೆರೆತ. ಅತ್ತೆಯವರು ಕಾಯಿಲ್ ಹಚ್ಚು ಅಂತಾರೆ. ಅಂಗಡಿಯವರು ಕೆಮಿಕಲ್ ಇಲ್ಲದ ಹರ್ಬಲ್ ಅಗರಬತ್ತಿ ಅಂತ ಒಂದು ಕೊಟ್ಟಿದ್ದಾರೆ. ಯಾವುದು ಹಚ್ಚಲಿ?

ಔಷಧ ಅಂಗಡಿ, ಧಾರವಾಡ:
ಅಕ್ಕಾ, ಕಾಯಿಲ್ ಅಂತೂ ಬೇಡ. ಒಂದು ಕಾಯಿಲ್ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳ ಹೊಗೆ 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಹೇಳಿದೆ. ಮಷೀನ್‌ನಲ್ಲಿ ಹೊಗೆ ಇಲ್ಲ, ಆದರೆ ಟ್ರಾನ್ಸ್‌ಫ್ಲುಥ್ರಿನ್ ಥರದ ಕೀಟನಾಶಕ ಇರುತ್ತದೆ, ಕಿಟಕಿ ಹಾಕಿದ ಕೋಣೆಯಲ್ಲಿ ಗಂಟಲು, ಕಣ್ಣು ಉರಿಯೋದು ಅದಕ್ಕೇ. ಮಲಗೋಕೆ ಮುಂಚೆ ಸ್ವಲ್ಪ ಹೊತ್ತು ಮಗುವನ್ನು ಹೊರಗಿಟ್ಟು ಹಚ್ಚಿ, ಆಮೇಲೆ ಆರಿಸಿ ಗಾಳಿ ಆಡಲು ಬಿಡಿ. ಬಾಟಲಿ ಮಗುವಿನ ಕೈಗೆ ಸಿಗಬಾರದು. ಅದರಲ್ಲಿ ಸೀಮೆಎಣ್ಣೆ ಜಾತಿಯ ದ್ರವ ಇರುತ್ತದೆ, ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ, ನೇರ ಆಸ್ಪತ್ರೆಗೆ ಹೋಗಿ.
ಆ ಅಗರಬತ್ತಿ ಪೊಟ್ಟಣದ ಮೇಲೆ ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಸುಮ್ನೆ ಎಸೆಯಿರಿ. ಹರ್ಬಲ್ ಅಂತ ಬರೆದ ಎಷ್ಟೋ ಬತ್ತಿಗಳಲ್ಲಿ ಡೈಮೆಫ್ಲುಥ್ರಿನ್ ಅನ್ನೋ ಕೀಟನಾಶಕ ಸಿಕ್ಕಿದೆ.

ಗದಗಿನವ:
ಇಷ್ಟೆಲ್ಲ ಯಾಕ್ರೀ? ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಮಗುವಿನ ಕೈಕಾಲಿಗೆ ಸವರಿ. ನಮ್ಮನೇಲಿ ಅದೇ.

ಔಷಧ ಅಂಗಡಿ, ಧಾರವಾಡ:
ಅಣ್ಣಾ, ಅದು ಮಾತ್ರ ಬೇಡ. ಕರ್ಪೂರ ಚರ್ಮದಿಂದಲೂ ಒಳಗೆ ಇಳಿಯುತ್ತದೆ, ಕೂಸುಗಳಿಗೆ ಫಿಟ್ಸ್ ಬರಬಹುದು. ಮನೆಮದ್ದು ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ.

ಹಾವೇರಿ ಆಶಾ ಕಾರ್ಯಕರ್ತೆ:
ರಾತ್ರಿ ಮಷೀನಿನ ಚಿಂತೆ ಎಲ್ಲರಿಗೂ, ಆದರೆ ಡೆಂಗಿ ಸೊಳ್ಳೆ ಕಚ್ಚೋದು ಜಾಸ್ತಿ ಹಗಲಲ್ಲಿ! ಅದು ಗಟಾರದ್ದಲ್ಲ, ಮನೆಯ ಚೊಕ್ಕ ನೀರಿನದು. ನಳಾ ವಾರಕ್ಕೊಮ್ಮೆ ಬರುವ ಓಣಿಗಳಲ್ಲಿ ಡ್ರಮ್ ತುಂಬಿಡಲೇಬೇಕು, ಅಷ್ಟು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಬಿಡುತ್ತದೆ. ನೀರು ಚೆಲ್ಲಿದರಷ್ಟೇ ಸಾಲದು, ಡ್ರಮ್ಮಿನ ಒಳಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯೋದಿಲ್ಲ. ಬ್ರಷ್ ಹಾಕಿ ತಿಕ್ಕಿ, ಮುಚ್ಚಳ ಇಲ್ಲದಿದ್ದರೆ ಹಳೆ ಪಂಚೆ ಕಟ್ಟಿ. ಮಗು ಹಗಲು ಮಲಗಿದಾಗಲೂ ಪರದೆ ಹಾಕಿ ತಂಗಿ, ಅದರಷ್ಟು ನಿರಾಳ ಬೇರೆ ಯಾವುದೂ ಇಲ್ಲ.

ನವನಗರದ ತಾಯಿ, ಹುಬ್ಬಳ್ಳಿ:
ಡ್ರಮ್ ಈಗಲೇ ನೋಡಿದೆ, ತಳದಲ್ಲಿ ಹುಳ ಕುಣೀತಿವೆ! ತೊಟ್ಟಿಲಿಗೆ ಹಾಕೋ ಪರದೆ ಎಲ್ಲಿ ಸಿಗುತ್ತದೆ ಯಾರಾದರೂ ಹೇಳಿ.

ಗದಗಿನವ:
ದುರ್ಗದಬೈಲ್‌ನಲ್ಲಿ ಕೇಳಿ ನೋಡ್ರಿ. ಮಡಚೋದು ತಗೊಳ್ಳಿ, ಊರಿಗೆ ಹೋಗುವಾಗಲೂ ಒಯ್ಯಬಹುದು.